ಶ್ರೀರಂಗಪಟ್ಟಣದ ಯುದ್ಧಭೂಮಿ ಮತ್ತು ಸೈನಿಕ ಸ್ಮಶಾನ

ಶ್ರೀರಂಗಪಟ್ಟಣದ ಯುದ್ಧಭೂಮಿಯು ಕರ್ನಾಟಕದ ಮಂಡ್ಯ ಜಿಲ್ಲೆಯಲ್ಲಿ, ಕಾವೇರಿ ನದಿಯ ಎರಡು ಕವಲುಗಳ ನಡುವಿನ ದ್ವೀಪದಲ್ಲಿಯೂ ಅದರ ಆಸುಪಾಸಿನ ದಡಗಳಲ್ಲಿಯೂ ಹರಡಿರುವ ಐತಿಹಾಸಿಕ ಪ್ರದೇಶ. ಮೂರನೆಯ ಮತ್ತು ನಾಲ್ಕನೆಯ ಆಂಗ್ಲೋ-ಮೈಸೂರು ಯುದ್ಧಗಳ ನಿರ್ಣಾಯಕ ಕಾಳಗಗಳು ಇಲ್ಲಿ 1792 ಮತ್ತು 1799ರಲ್ಲಿ ನಡೆದವು. ಕೋಟೆ ಒಡೆದ ಜಾಗ, ಟಿಪ್ಪು ಸುಲ್ತಾನನ ದೇಹ ದೊರೆತ ಸ್ಥಳ, ಸೆರೆಮನೆಗಳು, ಗುಂಬಜ್ ಮತ್ತು ಗ್ಯಾರಿಸನ್ ಸ್ಮಶಾನ ಎಂದು ಕರೆಯಲಾಗುವ ಐರೋಪ್ಯ ಸೈನಿಕರ ಸಮಾಧಿಭೂಮಿ ಇವೆಲ್ಲವೂ ಪರಸ್ಪರ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಮೈಸೂರಿನಿಂದ ಸುಮಾರು 15 ಕಿ.ಮೀ., ಬೆಂಗಳೂರಿನಿಂದ ಸುಮಾರು 125 ಕಿ.ಮೀ. ದೂರದಲ್ಲಿರುವ ಕಾರಣ ಒಂದೇ ದಿನದಲ್ಲಿ ನೋಡಿ ಮರಳಬಹುದಾದ ಯುದ್ಧಭೂಮಿ ಇದು.

ಭೌಗೋಳಿಕ ಹಿನ್ನೆಲೆ

ದ್ವೀಪವು ಪೂರ್ವ-ಪಶ್ಚಿಮವಾಗಿ ಸುಮಾರು 5 ಕಿ.ಮೀ. ಉದ್ದವಾಗಿದೆ. ಕೋಟೆ ಇರುವುದು ಅದರ ಪಶ್ಚಿಮದ ತುದಿಯಲ್ಲಿ. ಪೂರ್ವದ ತುದಿಯಲ್ಲಿ ಎರಡು ಕವಲುಗಳು ಮತ್ತೆ ಕೂಡುವ ಸಂಗಮವಿದೆ. ಗುಂಬಜ್ ಇರುವ ಲಾಲ್‌ಬಾಗ್ ಅದಕ್ಕೆ ಸಮೀಪದಲ್ಲಿದೆ. ಕೋಟೆಯ ಶಕ್ತಿ ಕಲ್ಲಿನ ಗೋಡೆಗಳಲ್ಲಿ ಇದ್ದಷ್ಟೇ ನದಿಯಲ್ಲಿಯೂ ಇತ್ತು. ಮುಂಗಾರು ಆರಂಭವಾಗಿ ಕೊಡಗಿನಲ್ಲಿ ಮಳೆ ಬಿದ್ದ ಮೇಲೆ ಕಾವೇರಿ ತುಂಬಿ ಹರಿದರೆ ಯಾವ ಸೈನ್ಯವೂ ಪಾತ್ರವನ್ನು ದಾಟುವಂತಿರಲಿಲ್ಲ. ಆದ್ದರಿಂದ ಇಲ್ಲಿ ನಡೆದ ಮುತ್ತಿಗೆಗಳೆಲ್ಲ ಮಳೆಗಾಲದೊಡನೆ ನಡೆಸಿದ ಪಂದ್ಯಗಳಂತಿವೆ: ಮುತ್ತಿಗೆ ಹಾಕಿದವರು ಬೇಸಗೆಯೊಳಗೆ ಕೋಟೆಯನ್ನು ಹಿಡಿಯಬೇಕಿತ್ತು, ಒಳಗಿದ್ದವರಿಗೆ ಮಳೆ ಬರುವ ತನಕ ತಾಳಿಕೊಂಡರೆ ಸಾಕಿತ್ತು. ಇಂದು ಮೇಲ್ದಂಡೆಯಲ್ಲಿ ಕೃಷ್ಣರಾಜಸಾಗರ ಅಣೆಕಟ್ಟು ನೀರನ್ನು ತಡೆದು ಬಿಡುತ್ತಿರುವುದರಿಂದ, ನೋಡುಗರ ಕಣ್ಣಿಗೆ ಬೀಳುವ ನದಿ 1799ರ ನದಿಯಲ್ಲ ಎಂಬುದನ್ನು ನೆನಪಿಡಬೇಕಾಗುತ್ತದೆ.

1791 ಮತ್ತು 1792ರ ಕಾಳಗಗಳು

ಬೆಂಗಳೂರಿನ ಕೋಟೆಯನ್ನು 1791ರ ಮಾರ್ಚ್‌ನಲ್ಲಿ ಹಿಡಿದ ಲಾರ್ಡ್ ಕಾರ್ನ್‌ವಾಲಿಸ್ ಅದೇ ಬೇಸಗೆಯಲ್ಲಿ ಶ್ರೀರಂಗಪಟ್ಟಣದತ್ತ ಬಂದನು. ಮೇ ತಿಂಗಳಲ್ಲಿ ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದರೂ ಆಹಾರದ ಕೊರತೆ, ಸಿಡುಬು ಮತ್ತು ಎತ್ತುಗಳ ಸಾವಿನಿಂದ ಅವನ ಸೈನ್ಯ ಕಂಗೆಟ್ಟಿತು. ಎಳೆಯಲು ಎತ್ತುಗಳಿಲ್ಲದ ದೊಡ್ಡ ತೋಪುಗಳನ್ನು ತಾನೇ ನಾಶಪಡಿಸಿ ಅವನು ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಮರಾಠರ ಮತ್ತು ನಿಜಾಮನ ಸೈನ್ಯಗಳೊಡನೆ ಅವನು ಮತ್ತೆ ಬಂದದ್ದು 1792ರ ಫೆಬ್ರವರಿಯಲ್ಲಿ.

ಫೆಬ್ರವರಿ 6ರ ರಾತ್ರಿ ನದಿಯ ಉತ್ತರ ದಡದಲ್ಲಿದ್ದ ಟಿಪ್ಪುವಿನ ಪಾಳೆಯದ ಮೇಲೆ ಮೂರು ದಳಗಳು ಏಕಕಾಲದಲ್ಲಿ ಎರಗಿದವು. ನಡುವಿನ ದಳ ಕಾರ್ನ್‌ವಾಲಿಸನದು. ಎಡಗಡೆಯ ದಳ ಮ್ಯಾಕ್ಸ್‌ವೆಲ್‌ನ ನೇತೃತ್ವದಲ್ಲಿ ಕರಿಘಟ್ಟದ ಕಡೆಯಿಂದ ಇಳಿಯಿತು. ಜನರಲ್ ಮೆಡೋಸ್‌ನ ಬಲಗಡೆಯ ದಳ ಕತ್ತಲಲ್ಲಿ ದಾರಿ ತಪ್ಪಿ, ದಾಳಿಯ ಯೋಜನೆಯಲ್ಲಿಲ್ಲದ ಈದ್ಗಾ ಬುರುಜಿನ ಎದುರಿಗೆ ಹೋಗಿ ನಿಂತಿತು. ಅಲ್ಲಿ ಎರಡೂ ಕಡೆ ಅಪಾರ ಸಾವುನೋವಾಯಿತು. ಬೆಳಗಾಗುವ ಹೊತ್ತಿಗೆ ದ್ವೀಪದ ಪೂರ್ವ ಭಾಗ ಕಂಪನಿಯ ವಶದಲ್ಲಿತ್ತು. ಟಿಪ್ಪು ಬೆಳೆಸಿದ್ದ ಲಾಲ್‌ಬಾಗ್‌ನ ಸಾಲುಮರಗಳನ್ನು ಮುತ್ತಿಗೆಯ ಕಂದಕಗಳಿಗೆ ಬೇಕಾದ ಕಟ್ಟಿಗೆಗಾಗಿ ಕಡಿದುಹಾಕಲಾಯಿತು.

ಮಾರ್ಚ್‌ನಲ್ಲಿ ಆದ ಶ್ರೀರಂಗಪಟ್ಟಣ ಒಪ್ಪಂದದ ಪ್ರಕಾರ ಟಿಪ್ಪು ತನ್ನ ರಾಜ್ಯದ ಅರ್ಧ ಭಾಗವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ತೆರಲು ಒಪ್ಪಿ, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದನು. 1792ರ ಕಾಳಗದ ನೆಲ ಇಂದು ಬಹುಮಟ್ಟಿಗೆ ಕಬ್ಬು ಮತ್ತು ಭತ್ತದ ಗದ್ದೆಗಳಾಗಿದ್ದು, ಕರಿಘಟ್ಟದ ವೆಂಕಟರಮಣ ದೇವಾಲಯದ ಬಳಿ ನಿಂತು ಕೆಳಗೆ ನೋಡಿದಾಗ ಮಾತ್ರ ಅದರ ಹರಹು ಗೊತ್ತಾಗುತ್ತದೆ.

1799ರ ಮುತ್ತಿಗೆ

ನಾಲ್ಕನೆಯ ಯುದ್ಧದಲ್ಲಿ ಎರಡು ಸೈನ್ಯಗಳು ಶ್ರೀರಂಗಪಟ್ಟಣದ ಮೇಲೆ ಬಂದವು. ಮುಂಬಯಿಯ ಸೈನ್ಯವನ್ನು ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ ಟಿಪ್ಪು ತಡೆಯಲು ಯತ್ನಿಸಿ ವಿಫಲನಾದನು. ಮದರಾಸಿನಿಂದ ಬಂದ ಜನರಲ್ ಜಾರ್ಜ್ ಹ್ಯಾರಿಸ್‌ನ ಸೈನ್ಯವನ್ನು ಮಾರ್ಚ್ 27ರಂದು ಮಳವಳ್ಳಿಯಲ್ಲಿ ಎದುರಿಸಿ ಅಲ್ಲಿಯೂ ಹಿಂದೆ ಸರಿದನು. ಹ್ಯಾರಿಸ್ ಏಪ್ರಿಲ್ 5ರಂದು ಕೋಟೆಯ ನೈರುತ್ಯಕ್ಕೆ ಬಂದು ಪಾಳೆಯ ಹೂಡಿದನು.

ಅದೇ ರಾತ್ರಿ ಸುಲ್ತಾನಪೇಟೆಯ ತೋಪನ್ನು ಹಿಡಿಯಲು ಕರ್ನಲ್ ಆರ್ಥರ್ ವೆಲ್ಲೆಸ್ಲಿಯನ್ನು ಕಳುಹಿಸಲಾಯಿತು. ಮುಂದೆ ವಾಟರ್ಲೂ ಕಾಳಗದ ವಿಜಯಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು ಇವನೇ. ಬಿದಿರು ಮೆಳೆ ಮತ್ತು ನೀರುಗಾಲುವೆಗಳಿಂದ ಕೂಡಿದ ತೋಪಿನಲ್ಲಿ, ಗಾಢಾಂಧಕಾರದಲ್ಲಿ, ಮೈಸೂರಿನವರ ಗುಂಡು ಮತ್ತು ರಾಕೆಟ್‌ಗಳ ಎದುರು ಅವನ ದಳ ಚದುರಿಹೋಯಿತು. ವೆಲ್ಲೆಸ್ಲಿಯ ಮೊಣಕಾಲಿಗೆ ಪೆಟ್ಟಾಯಿತು. ಸೆರೆಸಿಕ್ಕ ಅವನ ಕೆಲವು ಸೈನಿಕರನ್ನು ಕೋಟೆಯೊಳಗೆ ಕೊಲ್ಲಲಾಯಿತು. ಮರುದಿನ ಹಗಲಿನಲ್ಲಿ ಹೆಚ್ಚಿನ ಪಡೆಯೊಡನೆ ಅದೇ ತೋಪನ್ನು ಅವನು ಹಿಡಿದನಾದರೂ, ನೆಲವನ್ನು ಮೊದಲು ನೋಡದೆ ರಾತ್ರಿ ದಾಳಿ ಮಾಡಬಾರದೆಂಬ ಎಚ್ಚರಿಕೆ ಅವನಲ್ಲಿ ಅಂದಿನಿಂದ ನೆಲೆಗೊಂಡಿತೆಂದು ಅವನ ಜೀವನಚರಿತ್ರೆಕಾರರು ಹೇಳುತ್ತಾರೆ.

ಏಪ್ರಿಲ್ ಕಳೆಯುವ ಹೊತ್ತಿಗೆ ಹ್ಯಾರಿಸನ ಪಾಳೆಯದಲ್ಲಿ ಅಕ್ಕಿ ಮುಗಿಯುತ್ತ ಬಂದಿತ್ತು. ಕೋಟೆ ಕೆಲವೇ ದಿನಗಳಲ್ಲಿ ಬೀಳದಿದ್ದರೆ ಹಸಿವು ಮತ್ತು ನದಿಯ ಪ್ರವಾಹ ಎರಡೂ ಅವನನ್ನು ಹಿಂದಕ್ಕಟ್ಟುತ್ತಿದ್ದವು. ಪಶ್ಚಿಮದ ಗೋಡೆಯ ವಾಯವ್ಯ ಮೂಲೆಗೆ ಸಮೀಪದ ಭಾಗವನ್ನು ಗುರಿಯಾಗಿಸಿ ಗುಂಡು ಹಾರಿಸಲಾಯಿತು. ಮೇ 2ರಂದು ಕೋಟೆಯೊಳಗಿನ ರಾಕೆಟ್‌ಗಳ ಸಂಗ್ರಹವೊಂದು ಸ್ಫೋಟಗೊಂಡಿತು. ಮೇ 3ರಂದು ಗೋಡೆಯ ಬಿರುಕು ಹತ್ತಿ ಹೋಗುವಷ್ಟು ಅಗಲವಾಗಿತ್ತು.

ಮೇ 4ರ ದಾಳಿ

ದಾಳಿಗೆ ಆರಿಸಿದ್ದು ನಡುಮಧ್ಯಾಹ್ನ. ಊಟದ ಮತ್ತು ಬಿಸಿಲಿನ ಹೊತ್ತಿನಲ್ಲಿ ಕಾವಲು ಸಡಿಲವಾಗಿರುತ್ತದೆ ಎಂಬುದು ಲೆಕ್ಕಾಚಾರ. ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರು ಬೆಳಗಾಗುವ ಮುನ್ನವೇ ಕಂದಕಗಳಲ್ಲಿ ಅಡಗಿ ಕುಳಿತಿದ್ದರು. ಅವರಲ್ಲಿ ಐರೋಪ್ಯರೂ ಭಾರತೀಯ ಸಿಪಾಯಿಗಳೂ ಇದ್ದರು. ನೇತೃತ್ವ ವಹಿಸಿದ ಮೇಜರ್ ಜನರಲ್ ಡೇವಿಡ್ ಬೇರ್ಡ್‌ಗೆ ಈ ಊರು ಹೊಸದಲ್ಲ: 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕ ಅವನು 1784ರ ಮಂಗಳೂರು ಒಪ್ಪಂದದ ತನಕ ಇಲ್ಲಿಯೇ ಬಂದಿಯಾಗಿದ್ದನು. ಸೆರೆಯಾಳುಗಳನ್ನು ಇಬ್ಬಿಬ್ಬರಂತೆ ಸಂಕೋಲೆಯಲ್ಲಿ ಬಿಗಿಯಲಾಗಿದೆಯೆಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ, ತನ್ನ ಮಗನ ಜೊತೆಗೆ ಕಟ್ಟಲ್ಪಟ್ಟವನ ಪಾಡನ್ನು ನೆನೆದು ಬೇರ್ಡ್‌ನ ತಾಯಿ ಮರುಗಿದಳೆಂಬ ಕಥೆ ಪ್ರಸಿದ್ಧವಾಗಿದೆ.

ಒಂದು ಗಂಟೆಯ ಸುಮಾರಿಗೆ ಕಂದಕದಿಂದ ಎದ್ದ ದಳಗಳು ಬಂಡೆಗಳಿಂದ ತುಂಬಿದ್ದ, ಮೊಣಕಾಲು ಮಟ್ಟದಿಂದ ಎದೆಮಟ್ಟದವರೆಗೆ ನೀರಿದ್ದ ನದೀಪಾತ್ರವನ್ನು ದಾಟಿ ಕೆಲವೇ ನಿಮಿಷಗಳಲ್ಲಿ ಬಿರುಕನ್ನು ಏರಿದವು. ಮೇಲೆ ಧ್ವಜ ನೆಟ್ಟ ಸಾರ್ಜೆಂಟ್ ಗ್ರಹಾಂ ಅಲ್ಲಿಯೇ ಗುಂಡೇಟಿಗೆ ಬಿದ್ದನು. ಬಳಿಕ ದಾಳಿಯು ಎರಡಾಗಿ ಕವಲೊಡೆಯಿತು. ಷೆರ್‌ಬ್ರೂಕ್‌ನ ದಳ ದಕ್ಷಿಣದ ಗೋಡೆಯ ಮೇಲೆ ಹೆಚ್ಚಿನ ತಡೆಯಿಲ್ಲದೆ ಸಾಗಿತು. ಡನ್ಲಪ್‌ನ ದಳಕ್ಕೆ ಉತ್ತರದ ಗೋಡೆಯ ಮೇಲೆ ತೀವ್ರ ಪ್ರತಿರೋಧ ಎದುರಾಯಿತು. ಡನ್ಲಪ್ ಬಿರುಕಿನ ಬಳಿಯೇ ಕತ್ತಿಯ ಗಾಯದಿಂದ ಕುಸಿದಿದ್ದನು. ಆ ಪ್ರತಿರೋಧದ ನಡುವೆ ಸ್ವತಃ ಟಿಪ್ಪು ಇದ್ದನು.

ಆ ಹೊತ್ತಿಗೆ ಅವನು ಉತ್ತರದ ಗೋಡೆಯ ಬಳಿ ಊಟಕ್ಕೆ ಕುಳಿತಿದ್ದು, ತನ್ನ ನಂಬುಗೆಯ ಸೇನಾಪತಿ ಸಯ್ಯದ್ ಗಫಾರ್ ಗುಂಡಿಗೆ ಬಲಿಯಾದ ಸುದ್ದಿ ಬಂದಿತ್ತು. ಸೈನಿಕರೊಡನೆ ನಿಂತು ಗುಂಡು ಹಾರಿಸುತ್ತ, ಹಿಂದೆ ಸರಿಯುತ್ತ ಅವನು ಒಳಕೋಟೆಗೆ ಹೋಗುವ ಬಾಗಿಲೊಂದರ ಬಳಿ ತಲುಪಿದಾಗ ಎರಡೂ ಕಡೆಯಿಂದ ಗುಂಡಿನ ದಾಳಿಗೆ ಸಿಕ್ಕಿದನು. ಹಲವು ಗಾಯಗಳಾದ ಮೇಲೆ ತಲೆಗೆ ತಗುಲಿದ ಗುಂಡಿನಿಂದ ಸತ್ತನು. ಕೊಂದ ಸೈನಿಕನಿಗೆ ತಾನು ಯಾರನ್ನು ಕೊಂದೆನೆಂಬುದು ತಿಳಿದಿರಲಿಲ್ಲ. ದೇಹವು ರಾತ್ರಿ ಪಂಜುಗಳ ಬೆಳಕಿನಲ್ಲಿ ಹೆಣಗಳ ರಾಶಿಯ ಕೆಳಗೆ ದೊರೆಯಿತು. ದಿವಾನ ಮೀರ್ ಸಾದಿಕ್‌ನ ದ್ರೋಹದಿಂದಲೇ ಕೋಟೆ ಬಿದ್ದಿತೆಂಬ ನಂಬಿಕೆ ಜನಮನದಲ್ಲಿ ಗಟ್ಟಿಯಾಗಿದೆ. ಅವನೂ ಅದೇ ದಿನ ಮೈಸೂರಿನ ಸೈನಿಕರ ಕೈಯಲ್ಲೇ ಹತನಾದನು.

ಕೋಟೆಯೊಳಗೆ ಸತ್ತ ಮೈಸೂರಿನವರ ಸಂಖ್ಯೆಯನ್ನು ಅಂದಿನ ಬ್ರಿಟಿಷ್ ವರದಿಗಳು 6,000ಕ್ಕೂ ಹೆಚ್ಚೆಂದು ಅಂದಾಜಿಸುತ್ತವೆ. ಆ ರಾತ್ರಿ ಊರು ಸೂರೆಯಾಯಿತು. ಮರುದಿನ ಅಧಿಕಾರ ವಹಿಸಿಕೊಂಡ ವೆಲ್ಲೆಸ್ಲಿ ನಾಲ್ವರು ಲೂಟಿಕೋರರನ್ನು ಗಲ್ಲಿಗೇರಿಸಿದ ಮೇಲೆ ಶಾಂತಿ ನೆಲೆಸಿತು. ಮೇ 5ರ ಸಂಜೆ ಟಿಪ್ಪುವನ್ನು ಸೈನಿಕ ಗೌರವದೊಡನೆ ಗುಂಬಜ್‌ನಲ್ಲಿ ತಂದೆ ಹೈದರ್ ಅಲಿಯ ಪಕ್ಕದಲ್ಲಿ ಹೂಳಲಾಯಿತು. ಅಂದು ಎದ್ದ ಬಿರುಗಾಳಿ ಸಿಡಿಲುಗಳಲ್ಲಿ ಕಂಪನಿಯ ಪಾಳೆಯದ ಕೆಲವರು ಸತ್ತರು. ಬಹುಕಾಲ ಕಾಯುತ್ತಿದ್ದ ಮಳೆ ಒಂದು ದಿನ ತಡವಾಗಿ ಬಂದಿತ್ತು.

ಕೋಟೆಯೊಳಗಿನ ಸ್ಥಳಗಳು

ಬಿರುಕು ಬಿದ್ದ ಜಾಗವನ್ನು ಪಶ್ಚಿಮದ ಗೋಡೆಯ ಬಳಿ ನಿಂತಿರುವ ಸ್ಮಾರಕ ಸ್ತಂಭದಿಂದ ಗುರುತಿಸಬಹುದು. ಇದನ್ನು 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸರ್ಕಾರವೇ ನಿಲ್ಲಿಸಿತು. ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಸೈನ್ಯದ ಅಧಿಕಾರಿಗಳು ಮತ್ತು ಸೈನಿಕರ ನೆನಪಿಗೆ ಮೀಸಲಾದ ಈ ಸ್ತಂಭವನ್ನು ಕಟ್ಟಿಸಿದವರು ಸೋತ ರಾಜ್ಯದ ಹೆಸರನ್ನೇ ಹೊತ್ತ ಸರ್ಕಾರದವರು ಎಂಬುದು ವಿಚಿತ್ರವೆನಿಸಿದರೂ, 1799ರ ಫಲವಾಗಿಯೇ ಒಡೆಯರ ವಂಶ ಸಿಂಹಾಸನಕ್ಕೆ ಮರಳಿತೆಂಬುದನ್ನು ನೆನೆದರೆ ಅದು ಅರ್ಥವಾಗುತ್ತದೆ. ಸ್ತಂಭ ಮತ್ತು ಬಿರುಕಿನ ಬಳಿಯ ಗೋಡೆಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿವೆ. ಇಲ್ಲಿಂದ ನದಿಯತ್ತ ನೋಡಿದರೆ ದಾಳಿಯ ದಾರಿ ಪೂರ್ತಿಯಾಗಿ ಕಾಣುತ್ತದೆ. ಇಡೀ ಯುದ್ಧಭೂಮಿಯಲ್ಲಿ ವಿವರಣೆಯ ಅಗತ್ಯವೇ ಇಲ್ಲದ ಜಾಗ ಇದೊಂದೇ.

ಉತ್ತರದ ಗೋಡೆಗೆ ಅಂಟಿಕೊಂಡಿರುವ ಕರ್ನಲ್ ಬೈಲಿಯ ನೆಲಮಾಳಿಗೆ ಸುಮಾರು 30.5 ಮೀಟರ್ ಉದ್ದ, 12.2 ಮೀಟರ್ ಅಗಲದ ಕಮಾನು ಛಾವಣಿಯ ಕಟ್ಟಡ. ಗೋಡೆಗಳಲ್ಲಿ ಸಂಕೋಲೆ ಪೋಣಿಸಲು ತೂತುಳ್ಳ ಕಲ್ಲುಗಳಿವೆ. ಮುತ್ತಿಗೆಯ ಕಾಲದಲ್ಲಿ ಛಾವಣಿಯನ್ನು ಸೀಳಿಕೊಂಡು ಒಳಗೆ ಬಿದ್ದುದೆಂದು ಹೇಳಲಾಗುವ ತೋಪೊಂದು ಅಲ್ಲಿಯೇ ಇದೆ. ಪೊಳ್ಳಿಲೂರಿನಲ್ಲಿ ಸೋತು ಸೆರೆಯಾದ ಕರ್ನಲ್ ವಿಲಿಯಂ ಬೈಲಿ 1782ರ ನವೆಂಬರ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಸತ್ತದ್ದು ನಿಜ. ಅವನು ಇದೇ ನೆಲಮಾಳಿಗೆಯಲ್ಲಿದ್ದನೆಂಬುದಕ್ಕೆ ಸ್ಥಳದ ಹೆಸರೇ ಮುಖ್ಯ ಆಧಾರವಾಗಿದ್ದು, ಬಿಡುಗಡೆ ಹೊಂದಿದ ಅಧಿಕಾರಿಗಳ ಬರಹಗಳು ವರ್ಣಿಸುವುದು ಅಂಗಳವಿದ್ದ ಸೆರೆಮನೆಗಳನ್ನು. ಇಂತಹದೇ ಇನ್ನೊಂದು ನೆಲಮಾಳಿಗೆಯನ್ನು 1895ರಲ್ಲಿ ಥಾಮಸ್ ಇನ್ಮನ್ ಎಂಬವನು ಪತ್ತೆಹಚ್ಚಿದ ಕಾರಣ ಅದಕ್ಕೆ ಅವನ ಹೆಸರೇ ಬಂದಿದೆ. ಹೀಗಾಗಿ ಇನ್ಮನ್ ಅಲ್ಲಿ ಸೆರೆಯಲ್ಲಿದ್ದನೆಂದು ಹೇಳುವುದು ತಪ್ಪು.

ಟಿಪ್ಪುವಿನ ದೇಹ ಸಿಕ್ಕ ಸ್ಥಳವನ್ನು ಒಂದು ಚಿಕ್ಕ ಆವರಣದೊಳಗಿನ ಕಲ್ಲಿನ ಫಲಕ ಸೂಚಿಸುತ್ತದೆ. ಟಿಪ್ಪುವಿನ ಕಾಲದ ಮದ್ದಿನ ಮನೆಗಳು ದ್ವೀಪದ ಹಲವೆಡೆ ಉಳಿದಿವೆ. ಅವುಗಳಲ್ಲಿ ಒಂದು ಬೆಂಗಳೂರು-ಮೈಸೂರು ರೈಲುಮಾರ್ಗದ ಜೋಡಿಹಳಿಗೆ ಅಡ್ಡವಾಗಿದ್ದುದರಿಂದ, ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು 2017ರಲ್ಲಿ ಇಡಿಯಾಗಿ ಎತ್ತಿ ಸುಮಾರು 100 ಮೀಟರ್ ಆಚೆಗೆ ಸರಿಸಲಾಯಿತು.

ಗ್ಯಾರಿಸನ್ ಸ್ಮಶಾನ

ಬಸ್ ನಿಲ್ದಾಣದಿಂದ ಸುಮಾರು 300 ಮೀಟರ್ ದೂರದಲ್ಲಿ, ಕಾವೇರಿಯ ದಡಕ್ಕೆ ಸಮೀಪದಲ್ಲಿ ಈ ಸ್ಮಶಾನವಿದೆ. ಇಲ್ಲಿ ಸುಮಾರು 307 ಸಮಾಧಿಗಳಿವೆ. ಶಂಕುವಿನಾಕಾರದ ಸ್ತಂಭಗಳು, ಗೋಪುರದಂತೆ ಮೇಲೆ ಕಿರಿದಾಗುವ ಕಟ್ಟೆಗಳು ಹಾಗೂ ನೆಲಮಟ್ಟದ ಸರಳ ಹಾಸುಗಲ್ಲುಗಳು ಒಂದರ ಪಕ್ಕದಲ್ಲೊಂದಿವೆ.

ಪ್ರವಾಸಿ ಕೈಪಿಡಿಗಳಲ್ಲಿ ಇದನ್ನು 1799ರ ಅಂತಿಮ ದಾಳಿಯಲ್ಲಿ ಮಡಿದ ಐರೋಪ್ಯ ಅಧಿಕಾರಿಗಳ ಸ್ಮಶಾನವೆಂದು ವರ್ಣಿಸುವುದು ರೂಢಿ. ಆದರೆ ಇಲ್ಲಿ ಶವಸಂಸ್ಕಾರ ಆರಂಭವಾದದ್ದು 1800ರ ಸುಮಾರಿಗೆ. 1860ರ ದಶಕದವರೆಗೂ ಅದು ಮುಂದುವರಿಯಿತು. ಅಂದರೆ ಇಲ್ಲಿ ಮಲಗಿರುವವರಲ್ಲಿ ಬಹುಪಾಲು ಜನ ಯುದ್ಧ ಮುಗಿದ ಮೇಲೆ ಕಾವಲು ಪಡೆಯಲ್ಲಿದ್ದವರು ಮತ್ತು ಅವರ ಹೆಂಡಿರು ಮಕ್ಕಳು. ಅವರನ್ನು ಕೊಂದದ್ದು ಹೆಚ್ಚಾಗಿ ದ್ವೀಪದ ಜ್ವರ. ಸಮಾಧಿಗಳಲ್ಲಿ ಎಳೆಯ ಮಕ್ಕಳವೂ ಇರುವುದಕ್ಕೆ ಯುದ್ಧದಲ್ಲಿ ಕಾರಣ ಹುಡುಕಬೇಕಿಲ್ಲ.

ಸುಮಾರು 80 ಸಮಾಧಿಗಳು ಡಿ ಮ್ಯೂರಾನ್ ರೆಜಿಮೆಂಟಿನವರವು. ಈ ದಳದ ಕಥೆ ಸ್ಮಶಾನದ ಅತ್ಯಂತ ಕುತೂಹಲಕರ ಭಾಗ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಇದನ್ನು ಕಟ್ಟಿದನು. ದಳವು ಮೊದಲು ಆಫ್ರಿಕಾದ ಕೇಪ್‌ನಲ್ಲಿ, ನಂತರ ಸಿಂಹಳದಲ್ಲಿ ಡಚ್ಚರಿಗಾಗಿ ದುಡಿಯಿತು. 1795ರಲ್ಲಿ ಬ್ರಿಟಿಷರು ಸಿಂಹಳದ ಮೇಲೆ ಬಂದಾಗ, ಮಾತುಕತೆಯ ಮೂಲಕ ಇಡೀ ರೆಜಿಮೆಂಟು ಯಜಮಾನರನ್ನು ಬದಲಿಸಿಕೊಂಡಿತು. ನಾಲ್ಕು ವರ್ಷಗಳಲ್ಲಿ ಅದರ ಸೈನಿಕರು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದರು; ಬಳಿಕ ಕಾವಲಿಗಾಗಿ ಇಲ್ಲಿಯೇ ಉಳಿದರು. 1806ರಲ್ಲಿ ಭಾರತವನ್ನು ಬಿಟ್ಟ ದಳವು ಮುಂದೆ ಕೆನಡಾಕ್ಕೆ ಹೋಗಿ 1816ರಲ್ಲಿ ವಿಸರ್ಜನೆಯಾಯಿತು. ಅಲ್ಲಿ ರೆಡ್ ನದಿಯ ವಸಾಹತಿನಲ್ಲಿ ಅದರ ಕೆಲವು ಸೈನಿಕರು ನೆಲೆಸಿದರು. ಆಲ್ಪ್ಸ್ ಬೆಟ್ಟಗಳ ತಪ್ಪಲಿನವರು ಮೈಸೂರು ಸೀಮೆಯ ಜ್ವರದಲ್ಲಿ ಸತ್ತದ್ದು ಹೀಗೆ.

ಬಹುಕಾಲ ಗಿಡಗಂಟಿ ಬೆಳೆದು ಶಿಥಿಲವಾಗಿದ್ದ ಸ್ಮಶಾನವನ್ನು 21ನೆಯ ಶತಮಾನದ ಮೊದಲ ದಶಕದಲ್ಲಿ ಡಿ ಮ್ಯೂರಾನ್ ವಂಶಸ್ಥರ ನೆರವಿನಿಂದ ದುರಸ್ತಿಗೊಳಿಸಲಾಯಿತು.

ಸ್ಕಾಟ್ ಬಂಗಲೆ

ಸ್ಮಶಾನಕ್ಕೆ ಅನತಿ ದೂರದಲ್ಲಿ ನದಿಯ ದಡದಲ್ಲಿರುವ ಪಾಳುಬಿದ್ದ ಬಂಗಲೆ, ತೋಪುಗಾಡಿ ತಯಾರಿಕೆಯ ಮುಖ್ಯಸ್ಥನಾಗಿದ್ದ ಕರ್ನಲ್ ಸ್ಕಾಟ್‌ನದು. ಪ್ರವಾಸದಿಂದ ಮರಳಿದ ಸ್ಕಾಟ್ ಹೆಂಡತಿ ಮತ್ತು ಮಕ್ಕಳು ಕಾಲರಾದಿಂದ ಸತ್ತುಬಿದ್ದಿರುವುದನ್ನು ಕಂಡು ನದಿಗೆ ಹಾರಿದನೆಂಬ ಕಥೆ ಊರಲ್ಲಿದೆ. ಅವನ ಪತ್ನಿ ಕ್ಯಾರೋಲಿನ್ ಇಸಬೆಲ್ಲಾ 1817ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಗ್ಯಾರಿಸನ್ ಸ್ಮಶಾನದಲ್ಲಿದೆ. ಕಥೆಯ ಉಳಿದ ಭಾಗ ಪದ್ಯ ಮತ್ತು ಐತಿಹ್ಯಗಳಿಂದ ಬೆಳೆದದ್ದು.

ಗುಂಬಜ್ ಮತ್ತು ಬೈಲಿ ಸ್ಮಾರಕ

ದರಿಯಾ ದೌಲತ್ ಅರಮನೆ 1784ರದು. ಅದರ ಪಶ್ಚಿಮದ ಗೋಡೆಯ ಮೇಲಿನ ವರ್ಣಚಿತ್ರ ಪೊಳ್ಳಿಲೂರಿನ ಗೆಲುವನ್ನು ತೋರಿಸುತ್ತದೆ. ಗಾಯಗೊಂಡ ಬೈಲಿ ಅಲ್ಲಿ ಪಲ್ಲಕ್ಕಿಯಲ್ಲಿದ್ದಾನೆ. ಕೋಟೆ ಬಿದ್ದ ಮೇಲೆ ವೆಲ್ಲೆಸ್ಲಿ ವಾಸಿಸಿದ್ದು ಇದೇ ಅರಮನೆಯಲ್ಲಿ, ತನ್ನವರ ಸೋಲಿನ ಈ ಚಿತ್ರದ ಜೊತೆಗೆ.

ಗುಂಬಜ್ ಅನ್ನು ಟಿಪ್ಪು ತನ್ನ ತಂದೆಗಾಗಿ 1782ರಿಂದ 1784ರ ಅವಧಿಯಲ್ಲಿ ಕಟ್ಟಿಸಿದನು. ಸುತ್ತಲಿನ ಮೊಗಸಾಲೆಯಲ್ಲಿ 36 ಕಪ್ಪು ಕಲ್ಲಿನ ಕಂಬಗಳಿವೆ. ಹೈದರ್, ಟಿಪ್ಪುವಿನ ತಾಯಿ ಮತ್ತು ಟಿಪ್ಪು ಮೂವರ ಸಮಾಧಿಗಳೂ ಒಳಗಿದ್ದು, ಜಗಲಿಯ ಮೇಲೂ ಅಂಗಳದಲ್ಲೂ ಬಂಧುಗಳ ಮತ್ತು ಸೇನಾನಿಗಳ ಗೋರಿಗಳಿವೆ. ದಂತದ ಕೆತ್ತನೆಯ ಬಾಗಿಲುಗಳು ಲಾರ್ಡ್ ಡಾಲ್‌ಹೌಸಿಯ ಕೊಡುಗೆ. ಗುಂಬಜ್‌ಗೆ ಸಮೀಪದಲ್ಲಿಯೇ ಕರ್ನಲ್ ಬೈಲಿಯ ಸ್ಮಾರಕವಿದೆ. ಅವನ ಸೋದರಸಂಬಂಧಿಯ ಪೀಳಿಗೆಯ ಜಾನ್ ಬೈಲಿ ಇದನ್ನು 1816ರಲ್ಲಿ ಕಟ್ಟಿಸಿದನು. ಗೆದ್ದು ಸತ್ತವನೂ ಸೆರೆಯಲ್ಲಿ ಸತ್ತವನೂ ನೆರೆಹೊರೆಯಲ್ಲಿದ್ದಾರೆ.

ಯುದ್ಧಾನಂತರದ ದ್ವೀಪ

ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 1799ರ ಜೂನ್ 30ರಂದು ಪಟ್ಟಾಭಿಷೇಕವಾಗಿ ರಾಜಧಾನಿ ಮೈಸೂರಿಗೆ ಹೋಯಿತು. ದ್ವೀಪವನ್ನು ಕಂಪನಿ ಉಳಿಸಿಕೊಂಡಿತು. ದಿವಾನ್ ಪೂರ್ಣಯ್ಯ ಕಟ್ಟಿಸಿದ ಕಲ್ಲಿನ ವೆಲ್ಲೆಸ್ಲಿ ಸೇತುವೆ ಆ ಕಾಲದ್ದು. ಅದರ ಹೆಸರು ಗವರ್ನರ್ ಜನರಲ್ ಆಗಿದ್ದ ಅಣ್ಣ ವೆಲ್ಲೆಸ್ಲಿಯದು, ಸೈನಿಕನಾದ ತಮ್ಮನದಲ್ಲ. 1809ರ ಆಗಸ್ಟ್‌ನಲ್ಲಿ ಮದರಾಸು ಸೈನ್ಯದ ಐರೋಪ್ಯ ಅಧಿಕಾರಿಗಳು ಭತ್ಯೆಯ ವಿಷಯದಲ್ಲಿ ಬಂಡೆದ್ದು ಕೋಟೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅವರನ್ನು ಸೇರಲು ಚಿತ್ರದುರ್ಗದಿಂದ ಹೊರಟಿದ್ದ ಸಿಪಾಯಿ ದಳಗಳ ಮೇಲೆ ಸರ್ಕಾರಕ್ಕೆ ನಿಷ್ಠವಾದ ಸೈನ್ಯ ಎರಗಿ ಹಲವರನ್ನು ಕೊಂದಿತು. ಬಿಳಿಯ ಅಧಿಕಾರಿಗಳ ಜಗಳದಲ್ಲಿ ಸತ್ತ ಈ ಸಿಪಾಯಿಗಳನ್ನು ನೆನೆಯುವವರು ವಿರಳ. ಅದೇ ವರ್ಷ ಬೆಂಗಳೂರಿನಲ್ಲಿ ದಂಡುಪ್ರದೇಶ ಸ್ಥಾಪನೆಯಾಗಿ, ಜ್ವರಪೀಡಿತ ದ್ವೀಪದಿಂದ ಸೈನ್ಯ ಕ್ರಮೇಣ ಅಲ್ಲಿಗೆ ಸರಿಯಿತು. 1881ರಲ್ಲಿ ಬೆಂಗಳೂರು ದಂಡಿಗೆ ಪ್ರತಿಯಾಗಿ ದ್ವೀಪವು ಮೈಸೂರು ಸಂಸ್ಥಾನಕ್ಕೆ ಮರಳಿತು.

ಸ್ಮರಣೆ

ಕೋಟೆಯ ಪತನ ಬ್ರಿಟನ್ನಿನಲ್ಲಿ ದೊಡ್ಡ ಸುದ್ದಿಯಾಯಿತು. ಟರ್ನರ್ ಮುತ್ತಿಗೆಯನ್ನು ಜಲವರ್ಣದಲ್ಲಿ ಚಿತ್ರಿಸಿದನು. ಸಿಂಹವು ಹುಲಿಯನ್ನು ಕೆಡವುವ ಚಿತ್ರವುಳ್ಳ ಪದಕವನ್ನು ಸೈನಿಕರಿಗೆ ಹಂಚಲಾಯಿತು. 1868ರಲ್ಲಿ ಪ್ರಕಟವಾದ ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್' ಕಾದಂಬರಿ ಈ ಲೂಟಿಯಿಂದಲೇ ಆರಂಭವಾಗುತ್ತದೆ. ಕನ್ನಡದಲ್ಲಿ ಗಿರೀಶ ಕಾರ್ನಾಡರ 'ಟಿಪ್ಪುಸುಲ್ತಾನ ಕಂಡ ಕನಸು' ನಾಟಕ ಮೇ 4ರ ದಿನವನ್ನು ರಂಗಕ್ಕೆ ತಂದಿದೆ. ಟಿಪ್ಪುವಿನ ಕುರಿತ ಇಂದಿನ ರಾಜಕೀಯ ವಿವಾದಗಳು ಬೇರೆ ಮಾತು. ಅವು ಈ ಸ್ಥಳಗಳ ನಿರ್ವಹಣೆಗೆ ನೆರವಾಗಿಲ್ಲ.

1791ರ ಬೆಂಗಳೂರು ಮುತ್ತಿಗೆಯಲ್ಲಿ ಮಡಿದ ಬ್ರಿಟಿಷರ ಸ್ಮಾರಕವನ್ನು 1964ರಲ್ಲಿ ಬೆಂಗಳೂರಿನಲ್ಲಿ ಕೆಡವಲಾಯಿತು. ಶ್ರೀರಂಗಪಟ್ಟಣದ ಸ್ತಂಭ ಮತ್ತು ಸ್ಮಶಾನ ಉಳಿದುಕೊಂಡಿವೆ. ಆದರೆ ಮೈಸೂರಿನ ಪರವಾಗಿ ಮೇ 4ರಂದು ಸತ್ತ ಸಾವಿರಾರು ಸಾಮಾನ್ಯ ಸೈನಿಕರಿಗೆ ಹೆಸರು ಕೆತ್ತಿದ ಕಲ್ಲು ಎಲ್ಲಿಯೂ ಇಲ್ಲ. ಕಂಪನಿಯ ಪರವಾಗಿ ಬಿರುಕನ್ನು ಏರಿದ ಭಾರತೀಯ ಸಿಪಾಯಿಗಳ ಸ್ಥಿತಿಯೂ ಅದಕ್ಕಿಂತ ಹೆಚ್ಚು ಉತ್ತಮವಾಗಿಲ್ಲ.

ಭೇಟಿ

ರೈಲು ನಿಲ್ದಾಣ ಕೋಟೆಯ ಪ್ರದೇಶದಲ್ಲಿಯೇ ಇದೆ. ಬಿರುಕಿನ ಸ್ತಂಭ, ನೆಲಮಾಳಿಗೆಗಳು, ಟಿಪ್ಪು ಬಿದ್ದ ಸ್ಥಳ ಹಾಗೂ ಜಾಮಿಯಾ ಮಸೀದಿಯನ್ನು ಬೆಳಗಿನ ಹೊತ್ತು ನಡೆದೇ ನೋಡಬಹುದು. ಸ್ಮಶಾನ, ದರಿಯಾ ದೌಲತ್ ಮತ್ತು ಗುಂಬಜ್ ನೋಡಲು ಆಟೋ ಅಥವಾ ಟಾಂಗಾ ಹಿಡಿಯುವುದು ವಾಡಿಕೆ. ಬೆಂಗಳೂರು-ಮೈಸೂರು ಹೆದ್ದಾರಿಯ ಹೊಸ ಬೈಪಾಸ್ ಊರನ್ನು ಬಳಸಿ ಹೋಗುವುದರಿಂದ ಸ್ವಂತ ವಾಹನದಲ್ಲಿ ಬರುವವರು ಮುಂಚೆಯೇ ಹಳೆಯ ರಸ್ತೆಗೆ ಇಳಿಯಬೇಕು. ಕಾಳಗ ನಡೆದ ಏಪ್ರಿಲ್-ಮೇ ತಿಂಗಳುಗಳಲ್ಲಿ ಬಂದರೆ ಬಿಸಿಲು ಕಠಿಣವಾಗಿದ್ದರೂ, ನದಿಯ ಬಂಡೆಗಳು ಹೊರಗೆ ಕಾಣುವುದು ಆಗಲೇ.